ಜಾಲತಾಣದ ಹೆಸರು ಬದಲಾದಾಗ: ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣದ ಆಸ್ತಿಯ ರಕ್ಷಣೆ

ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರ ಜನ್ಮಸ್ಥಳವೆಂಬ ಗೌರವದಿಂದ 1818ರಲ್ಲಿ ಊರಿಗೆ ಈಗಿನ ಹೆಸರನ್ನಿಟ್ಟರು. ಹೆಸರು ಬದಲಾಯಿತೇ ಹೊರತು ಊರು ಕದಲಲಿಲ್ಲ. ಗುಂಡ್ಲುಪೇಟೆಯ ಮೂಲಕ ಹಾದುಹೋಗುವ ಕೋಳಿಕ್ಕೋಡ್-ಕೊಳ್ಳೇಗಾಲ ರಾಷ್ಟ್ರೀಯ ಹೆದ್ದಾರಿಯೂ 212 ಎಂಬ ತನ್ನ ಸಂಖ್ಯೆಯನ್ನು ಬಿಟ್ಟು 766 ಎನಿಸಿಕೊಂಡಿತು. ಆದರೂ ತರಕಾರಿ ಹೊತ್ತ ಲಾರಿಗಳು ದಾರಿ ತಪ್ಪಲಿಲ್ಲ. ನೆಲದ ಮೇಲಿನ ವ್ಯವಹಾರದಲ್ಲಿ ಹೆಸರು ಬೇರೆ, ಸ್ಥಳ ಬೇರೆ.

ಅಂತರಜಾಲದಲ್ಲಿ ಈ ಭೇದವಿಲ್ಲ. ಅಲ್ಲಿ ಹೆಸರೇ ಸ್ಥಳ. ಹೆಸರನ್ನು ಬದಲಾಯಿಸಿದ ವರ್ತಕನು ತನ್ನ ಅಂಗಡಿಯನ್ನೇ ಬೇರೊಂದು ಬೀದಿಗೆ ಸಾಗಿಸಿದಂತೆ. ಹಳೆಯ ಬಾಗಿಲಿಗೆ ಸೂಚನಾ ಫಲಕವನ್ನು ತೂಗುಹಾಕದಿದ್ದರೆ ಗಿರಾಕಿಯು ಮುಚ್ಚಿದ ಬಾಗಿಲನ್ನು ಕಂಡು ಪಕ್ಕದ ಅಂಗಡಿಗೆ ಹೋಗುತ್ತಾನೆ. ಈ ಸರಳ ಸತ್ಯವನ್ನು ಅರಿಯದೆ, ಅನೇಕ ವರ್ಷಗಳ ಪರಿಶ್ರಮದಿಂದ ಶೋಧಯಂತ್ರಗಳಲ್ಲಿ ದೊರೆತ ಸ್ಥಾನವನ್ನು ಒಂದೇ ದಿನದಲ್ಲಿ ಕಳೆದುಕೊಳ್ಳುವ ಸಣ್ಣ ಉದ್ಯಮಗಳಿವೆ. ಆದುದರಿಂದ ಡೊಮೇನ್ ಹೆಸರಿನ ಬದಲಾವಣೆ, ಶೋಧ ಫಲಿತಾಂಶದ ಮೇಲೆ ಅದರ ಪರಿಣಾಮ ಹಾಗೂ ಅನುಸರಿಸಬೇಕಾದ ಕ್ರಮಗಳನ್ನು ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ಕಾಣದ ಆಸ್ತಿ

ಲೆಕ್ಕಶಾಸ್ತ್ರದ ಒಂದು ನಿಯಮವನ್ನು ಮೊದಲು ನೆನಪಿಸಿಕೊಳ್ಳಬೇಕು. ಅಮೂರ್ತ ಆಸ್ತಿಗಳಿಗೆ ಸಂಬಂಧಿಸಿದ 26ನೆಯ ಲೆಕ್ಕಪತ್ರ ಮಾನದಂಡದ ಪ್ರಕಾರ, ಸಂಸ್ಥೆಯು ತಾನೇ ಬೆಳೆಸಿಕೊಂಡ ಸುನಾಮ ಅಥವಾ ಬ್ರ್ಯಾಂಡನ್ನು ಆಸ್ತಿಯೆಂದು ಪುಸ್ತಕದಲ್ಲಿ ತೋರಿಸುವಂತಿಲ್ಲ. ಹಣ ಕೊಟ್ಟು ಇತರರಿಂದ ಕೊಂಡ ಡೊಮೇನ್ ಹೆಸರು ಆಸ್ತಿಯಾಗಿ ದಾಖಲಾಗಬಹುದು. ಆದರೆ ಸ್ವಂತ ಜಾಲತಾಣವು ಹತ್ತು ವರ್ಷಗಳಲ್ಲಿ ಗಳಿಸಿದ ಹೆಸರು ದಾಖಲಾಗುವುದಿಲ್ಲ. ವಾರ್ಷಿಕ ನವೀಕರಣ ಶುಲ್ಕ ಮಾತ್ರ ಲಾಭ-ನಷ್ಟದ ಖಾತೆಯಲ್ಲಿ ಸಣ್ಣ ವೆಚ್ಚವಾಗಿ ಕಾಣುತ್ತದೆ.

ಇದರ ಪರಿಣಾಮ ಗಮನಾರ್ಹವಾದುದು. ಗೋದಾಮಿಗೆ ಬೆಂಕಿ ಬಿದ್ದರೆ ನಷ್ಟವು ಪುಸ್ತಕದಲ್ಲಿ ಕಾಣುತ್ತದೆ. ವಿಮೆಯ ಬೇಡಿಕೆ ಸಲ್ಲಿಕೆಯಾಗುತ್ತದೆ. ಶೋಧಯಂತ್ರದ ಮೊದಲ ಪುಟದಿಂದ ಸಂಸ್ಥೆಯ ಹೆಸರು ಅಳಿಸಿಹೋದರೆ ಯಾವ ಖಾತೆಯಲ್ಲಿಯೂ ನಮೂದು ಬೀಳುವುದಿಲ್ಲ. ಕೆಲವು ತಿಂಗಳ ನಂತರ ವಿಚಾರಣೆಗಳು ಕಡಿಮೆಯಾಗಿವೆ ಎಂಬ ಅಸ್ಪಷ್ಟ ಅನುಭವ ಮಾತ್ರ ಉಳಿಯುತ್ತದೆ. ಮಾಲೀಕನು ಮಾರುಕಟ್ಟೆಯ ಮಂದಗತಿಯನ್ನು ದೂಷಿಸುತ್ತಾನೆ. ಪುಸ್ತಕದಲ್ಲಿಲ್ಲದ ಆಸ್ತಿಗೆ ಕಾವಲುಗಾರನೂ ಇರುವುದಿಲ್ಲ.

ಶೋಧಯಂತ್ರವು ಸ್ಥಾನ ನೀಡುವ ಬಗೆ

ಗೂಗಲ್ ಸಂಸ್ಥೆಯ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿ 1998ರಲ್ಲಿ ಪ್ರಕಟಿಸಿದ ಪೇಜ್‌ರ್‍ಯಾಂಕ್ ತತ್ತ್ವವು ವರ್ತಕರಿಗೆ ಅಪರಿಚಿತವೇನಲ್ಲ. ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಪತ್ತು ಅವನ ಬಗ್ಗೆ ಇತರರು ಆಡುವ ಮಾತಿನಿಂದ, ಅದರಲ್ಲಿಯೂ ಗಣ್ಯರು ಆಡುವ ಮಾತಿನಿಂದ ನಿರ್ಧಾರವಾಗುತ್ತದೆ. ಅಂತೆಯೇ ಒಂದು ಪುಟಕ್ಕೆ ಇತರ ಜಾಲತಾಣಗಳು ನೀಡುವ ಕೊಂಡಿಗಳನ್ನು ಶೋಧಯಂತ್ರವು ಸಾಕ್ಷ್ಯವೆಂದು ಎಣಿಸುತ್ತದೆ. ಇಂದು ಪುಟದ ವಿಷಯ, ಉಪಯುಕ್ತತೆ, ತೆರೆದುಕೊಳ್ಳುವ ವೇಗ, ಹುಡುಕುವವನ ಸ್ಥಳ ಮುಂತಾದ ಅನೇಕ ಸೂಚನೆಗಳು ಅದಕ್ಕೆ ಸೇರಿವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಸಾಕ್ಷ್ಯವೆಲ್ಲವೂ ನಿರ್ದಿಷ್ಟ ವಿಳಾಸದ ಹೆಸರಿನಲ್ಲಿ ಜಮೆಯಾಗಿರುತ್ತದೆ. ಹೊಸ ವಿಳಾಸವು ಹೊಸ ಖಾತೆಯಿದ್ದಂತೆ. ಅದರ ಆರಂಭದ ಶಿಲ್ಕು ಸೊನ್ನೆ. ಹಳೆಯ ಖಾತೆಯ ಶಿಲ್ಕನ್ನು ಹೊಸ ಖಾತೆಗೆ ವರ್ಗಾಯಿಸಿರಿ ಎಂಬ ಸ್ಪಷ್ಟ ಆದೇಶವನ್ನು ಖಾತೆದಾರನೇ ನೀಡಬೇಕು. ಆ ಆದೇಶವೇ ಶಾಶ್ವತ ಮರುನಿರ್ದೇಶನ. ತಾಂತ್ರಿಕ ಪರಿಭಾಷೆಯಲ್ಲಿ ಅದರ ಸಂಕೇತ ಸಂಖ್ಯೆ 301. ತಾತ್ಕಾಲಿಕ ಸ್ಥಳಾಂತರಕ್ಕೆ 302 ಎಂಬ ಬೇರೊಂದು ಸಂಖ್ಯೆಯಿದೆ. ಎರಡರಲ್ಲಿಯೂ ಗ್ರಾಹಕನು ಹೊಸ ಪುಟಕ್ಕೆ ತಲುಪುವುದರಿಂದ ಮಾಲೀಕನ ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಶೋಧಯಂತ್ರಕ್ಕೆ ಮೊದಲನೆಯದು ಮನೆ ಬದಲಾಯಿಸಿದ ಸೂಚನೆ, ಎರಡನೆಯದು ಊರಿಗೆ ಹೋಗಿ ಬರುವ ಸೂಚನೆ. 301ನ್ನು ಸರಿಯಾಗಿ ಬಳಸಿದಲ್ಲಿ ಕೊಂಡಿಗಳ ಮೌಲ್ಯವು ಮರುನಿರ್ದೇಶನದ ಕಾರಣದಿಂದ ಕಡಿತವಾಗುವುದಿಲ್ಲ ಎಂದು ಗೂಗಲ್ 2016ರಲ್ಲಿ ಸ್ಪಷ್ಟಪಡಿಸಿದೆ.

ಬದಲಾವಣೆ ಅನಿವಾರ್ಯವಾಗುವ ಸಂದರ್ಭಗಳು

ಮೊದಲನೆಯದು, ನಿಯಂತ್ರಕರ ಆದೇಶ. ಇದರ ದೊಡ್ಡ ಉದಾಹರಣೆಯನ್ನು ಎಲ್ಲ ವರ್ತಕರೂ ಕಂಡಿದ್ದಾರೆ. ಸೈಬರ್ ವಂಚನೆಯನ್ನು ತಡೆಯುವ ಸಲುವಾಗಿ ಭಾರತೀಯ ರಿಸರ್ವ್ ಬ್ಯಾಂಕು 2025ರ ಏಪ್ರಿಲ್ 22ರಂದು ಸುತ್ತೋಲೆ ಹೊರಡಿಸಿ, ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಹೊಸ ವಿಳಾಸಕ್ಕೆ ಸ್ಥಳಾಂತರಿಸಬೇಕೆಂದು ಸೂಚಿಸಿತು. ಈ ಹೆಸರುಗಳ ನೋಂದಣಿಯ ಏಕೈಕ ಅಧಿಕಾರವನ್ನು ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಅಭಿವೃದ್ಧಿ ಮತ್ತು ಸಂಶೋಧನಾ ಸಂಸ್ಥೆಗೆ ನೀಡಲಾಯಿತು. ಹಳೆಯ ವಿಳಾಸವನ್ನು ತಮ್ಮ ಗಣಕಯಂತ್ರದಲ್ಲಿ ಗುರುತು ಮಾಡಿಟ್ಟುಕೊಂಡಿರುವ ವರ್ತಕರು ಅದನ್ನು ಹೊಸದಕ್ಕೆ ಬದಲಿಸಿಕೊಳ್ಳುವುದು ಕ್ಷೇಮಕರ.

ಎರಡನೆಯದು, ಸಂಸ್ಥೆಗಳ ವಿಲೀನ. 2017ರ ಏಪ್ರಿಲ್ 1ರಂದು ಮೈಸೂರು ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದಾಗ ಜಿಲ್ಲೆಯ ವರ್ತಕರು ಚೆಕ್ ಪುಸ್ತಕ, ಶಾಖೆಯ ಸಂಕೇತ, ಜಾಲತಾಣ ಎಲ್ಲವನ್ನೂ ಬದಲಿಸಿಕೊಳ್ಳಬೇಕಾಯಿತು. ಪಾಲುದಾರಿಕೆ ಸಂಸ್ಥೆಯು ಕಂಪನಿಯಾಗಿ ಮಾರ್ಪಟ್ಟಾಗ, ಕುಟುಂಬದ ವ್ಯವಹಾರವು ವಿಭಾಗವಾದಾಗ ಸಣ್ಣ ಪ್ರಮಾಣದಲ್ಲಿ ಇದೇ ಪ್ರಸಂಗ ಎದುರಾಗುತ್ತದೆ.

ಮೂರನೆಯದು, ನ್ಯಾಯಾಲಯದ ಆದೇಶ. ಈ ವಿಷಯದಲ್ಲಿ ದೇಶಕ್ಕೇ ಮಾರ್ಗದರ್ಶಿಯಾದ ತೀರ್ಪು ಕರ್ನಾಟಕದಲ್ಲಿ ಆರಂಭವಾದ ವ್ಯಾಜ್ಯದಿಂದಲೇ ಬಂದಿತು. ಸತ್ಯಂ ಇನ್ಫೋವೇ ಸಂಸ್ಥೆಯು ತನ್ನ ಹೆಸರಿನ ಎರಡು ಪದಗಳಿಂದ ‘ಸಿಫಿ’ ಎಂಬ ಪದವನ್ನು ರಚಿಸಿ 1999ರಲ್ಲಿ ಅದನ್ನೊಳಗೊಂಡ ಡೊಮೇನ್ ಹೆಸರುಗಳನ್ನು ನೋಂದಾಯಿಸಿತ್ತು. 2001ರಿಂದ ಮತ್ತೊಂದು ಸಂಸ್ಥೆಯು ‘ಸಿಫ್ಫಿನೆಟ್’ ಎಂಬ ಹೆಸರಿನಲ್ಲಿ ಜಾಲತಾಣ ನಡೆಸತೊಡಗಿದಾಗ ವ್ಯಾಜ್ಯವು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ತಾತ್ಕಾಲಿಕ ಪ್ರತಿಬಂಧಕಾಜ್ಞೆ ದೊರೆಯಿತು. ಪ್ರತಿವಾದಿಯು ಈಗಾಗಲೇ ಹಣ ಹೂಡಿ ಗ್ರಾಹಕರನ್ನು ಗಳಿಸಿರುವುದರಿಂದ ಅವರಿಗೇ ಹೆಚ್ಚಿನ ತೊಂದರೆಯಾಗುವುದೆಂದು ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಪ್ರತಿಬಂಧಕಾಜ್ಞೆಯನ್ನು ಪುನಃ ಎತ್ತಿಹಿಡಿದು, ಡೊಮೇನ್ ಹೆಸರಿಗೆ ವ್ಯಾಪಾರ ಚಿಹ್ನೆಯ ಲಕ್ಷಣಗಳೆಲ್ಲವೂ ಇರುವುದರಿಂದ ಅದಕ್ಕೂ ಅದೇ ಬಗೆಯ ರಕ್ಷಣೆ ಸಲ್ಲುತ್ತದೆ ಎಂದಿತು.

ಸಣ್ಣ ಉದ್ಯಮಿಗೆ ಇದರಿಂದ ದೊರೆಯುವ ಪಾಠ ಎರಡು. ಇತರರ ಪ್ರಸಿದ್ಧ ಹೆಸರಿಗೆ ಹತ್ತಿರವಾದ ಹೆಸರನ್ನು ಆರಿಸಿಕೊಂಡು ಅದರ ಮೇಲೆ ಹೂಡಿದ ಹಣ, ಗಳಿಸಿದ ಗ್ರಾಹಕರು ಯಾವುದೂ ರಕ್ಷಣೆಗೆ ಬರುವುದಿಲ್ಲ. ತನ್ನ ಹೆಸರನ್ನು ಮತ್ತೊಬ್ಬರು ಅನುಕರಿಸಿದಲ್ಲಿ ಪರಿಹಾರ ಉಂಟು. ‘ಡಾಟ್ ಇನ್’ ಹೆಸರುಗಳ ವಿವಾದಗಳಿಗೆ ಭಾರತೀಯ ರಾಷ್ಟ್ರೀಯ ಅಂತರಜಾಲ ವಿನಿಮಯ ಕೇಂದ್ರದ ಮಧ್ಯಸ್ಥಿಕೆಯ ವ್ಯವಸ್ಥೆಯೂ ಇದೆ.

ಬದಲಾವಣೆ ಅನವಶ್ಯಕವಾದ ಸಂದರ್ಭಗಳು

ಹೆಸರಿನಲ್ಲಿಯೇ ಸರಕಿನ ಪದವಿದ್ದರೆ ಶೋಧದಲ್ಲಿ ಮೊದಲ ಸ್ಥಾನ ದೊರೆಯುತ್ತದೆ ಎಂಬ ನಂಬಿಕೆಯಿಂದ ‘ಗುಂಡ್ಲುಪೇಟೆ ಉತ್ತಮ ಅರಿಶಿನ’ ಎಂಬಂತಹ ಉದ್ದನೆಯ ಹೆಸರನ್ನು ಕೊಳ್ಳಲು ಸಲಹೆ ನೀಡುವವರುಂಟು. ಇಂತಹ ಹೆಸರುಳ್ಳ ಕಳಪೆ ಜಾಲತಾಣಗಳು ಕೇವಲ ಹೆಸರಿನ ಬಲದಿಂದ ಮೇಲೇರುವುದನ್ನು ತಡೆಯಲು ಗೂಗಲ್ 2012ರ ಸೆಪ್ಟೆಂಬರಿನಲ್ಲಿಯೇ ತನ್ನ ವ್ಯವಸ್ಥೆಯನ್ನು ತಿದ್ದಿಕೊಂಡಿದೆ. ಈ ಒಂದೇ ಕಾರಣಕ್ಕಾಗಿ ಹಳೆಯ ಹೆಸರನ್ನು ಬಿಡುವುದು ವಿವೇಕವಲ್ಲ.

ಊರ ಹೆಸರಿನ ಆಂಗ್ಲ ಕಾಗುಣಿತ ಇನ್ನೊಂದು ಪ್ರಲೋಭನೆ. 2014ರ ನವೆಂಬರ್ 1ರಿಂದ ಬೆಂಗಳೂರು, ಮೈಸೂರು ಸೇರಿದಂತೆ ರಾಜ್ಯದ 12 ನಗರಗಳ ಹೆಸರುಗಳ ಆಂಗ್ಲ ರೂಪ ಬದಲಾಯಿತು. ಚಾಮರಾಜನಗರವು ಆ ಪಟ್ಟಿಯಲ್ಲಿಲ್ಲದಿದ್ದರೂ ಅದನ್ನು ಆಂಗ್ಲದಲ್ಲಿ ನಾಲ್ಕಾರು ಬಗೆಯಲ್ಲಿ ಬರೆಯುವವರಿದ್ದಾರೆ; ಗುಂಡ್ಲುಪೇಟೆಯ ಸ್ಥಿತಿಯೂ ಅದೇ. ಇಂತಹ ಕಾಗುಣಿತ ಭೇದಗಳನ್ನು ಶೋಧಯಂತ್ರವು ಬಹುಮಟ್ಟಿಗೆ ತಾನೇ ಅರ್ಥಮಾಡಿಕೊಳ್ಳುತ್ತದೆ. ಕಾಗುಣಿತವನ್ನು ಸರಿಪಡಿಸುವುದಕ್ಕಾಗಿ ಸ್ಥಳಾಂತರ ಬೇಡ. ಇನ್ನೊಂದು ಕಾಗುಣಿತದ ಹೆಸರನ್ನೂ ಕೊಂಡು ಅದನ್ನು ಮೂಲ ತಾಣದತ್ತ ತಿರುಗಿಸಿದರೆ ಸಾಕು. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಎಂದು ಕೊನೆಗೊಳ್ಳುವ ವಿಳಾಸಗಳೂ ಲಭ್ಯವಿದ್ದು, ಅವನ್ನು ಸಹ ಇದೇ ರೀತಿ ಜೋಡಿಸಿಕೊಳ್ಳಬಹುದು.

ಸ್ಥಳಾಂತರದ ಕ್ರಮ

ಬದಲಾವಣೆ ಅನಿವಾರ್ಯವೆಂದು ನಿಶ್ಚಯವಾದ ಮೇಲೆ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಹೊಸ ಹೆಸರಿನ ಪೂರ್ವಚರಿತ್ರೆಯ ಪರಿಶೀಲನೆ. ನಿವೇಶನ ಕೊಳ್ಳುವ ಮೊದಲು ಋಣಭಾರ ಪತ್ರ ತೆಗೆಸುವಂತೆ, ಆ ಹೆಸರನ್ನು ಹಿಂದೆ ಯಾರು ಯಾವ ಕಾರ್ಯಕ್ಕೆ ಬಳಸಿದ್ದರೆಂದು ನೋಡಬೇಕು. ವಂಚನೆಗೆ ಬಳಕೆಯಾಗಿ ಶೋಧಯಂತ್ರದ ದಂಡನೆಗೆ ಒಳಗಾದ ಹೆಸರಾಗಿದ್ದಲ್ಲಿ ಆ ಭಾರವು ಹೊಸ ಮಾಲೀಕನ ಮೇಲೆ ಬೀಳಬಹುದು. ವ್ಯಾಪಾರ ಚಿಹ್ನೆಗಳ ನೋಂದಣಿ ಪುಸ್ತಕವನ್ನೂ ಶೋಧಿಸಬೇಕು.

2. ಪುಟಗಳ ದಾಸ್ತಾನು ಪಟ್ಟಿ. ಹಳೆಯ ತಾಣದ ಪ್ರತಿಯೊಂದು ಪುಟದ ವಿಳಾಸವನ್ನು ಬರೆದು ಅದರ ಮುಂದೆ ಹೊಸ ವಿಳಾಸವನ್ನು ನಮೂದಿಸಬೇಕು. ಅರಿಶಿನ ಪುಡಿಯ ಹಳೆಯ ಪುಟವು ಅರಿಶಿನ ಪುಡಿಯ ಹೊಸ ಪುಟಕ್ಕೇ ಹೋಗಬೇಕು. ಎಲ್ಲ ಪುಟಗಳನ್ನೂ ಮುಖಪುಟಕ್ಕೆ ತಿರುಗಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅಂತಹ ಪುಟಗಳನ್ನು ಶೋಧಯಂತ್ರವು ಇಲ್ಲವಾದ ಪುಟಗಳೆಂದೇ ಪರಿಗಣಿಸಬಹುದು.

3. ಒಂದು ಸಲಕ್ಕೆ ಒಂದೇ ಬದಲಾವಣೆ. ಹೆಸರು, ವಿನ್ಯಾಸ, ಬರಹ ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಸ್ಥಾನ ಕುಸಿದಾಗ ಕಾರಣ ತಿಳಿಯುವುದಿಲ್ಲ. ಮೊದಲು ತಾಣವನ್ನು ಯಥಾಸ್ಥಿತಿಯಲ್ಲಿ ಸ್ಥಳಾಂತರಿಸಿ, ನೆಲೆಗೊಂಡ ನಂತರ ಅಂದಗೊಳಿಸಬೇಕು.

4. ಕಾಲದ ಆಯ್ಕೆ. ಸಂದರ್ಶಕರು ಕಡಿಮೆಯಿರುವ ಸಮಯವೇ ಸ್ಥಳಾಂತರಕ್ಕೆ ಉಚಿತ. ಅರಿಶಿನದ ವರ್ತಕರು ಕೊಯ್ಲಿನ ಹಂಗಾಮನ್ನೂ, ಕೇರಳದ ಓಣಂ ಪೇಟೆಯನ್ನು ನಂಬಿದ ಹೂವು-ತರಕಾರಿ ವ್ಯಾಪಾರಿಗಳು ಆಗಸ್ಟ್-ಸೆಪ್ಟೆಂಬರ್ ಅವಧಿಯನ್ನೂ, ಬಂಡೀಪುರದ ಪ್ರವಾಸಿಗರನ್ನು ಅವಲಂಬಿಸಿದ ವಸತಿಗೃಹಗಳು ಬೇಸಿಗೆ ಮತ್ತು ದಸರಾ ರಜೆಗಳನ್ನೂ ಬಿಟ್ಟು ದಿನ ಗೊತ್ತುಪಡಿಸಬೇಕು.

5. ಶೋಧಯಂತ್ರಕ್ಕೆ ವಿಧ್ಯುಕ್ತ ಸೂಚನೆ. 301 ಮರುನಿರ್ದೇಶನಗಳನ್ನು ಜಾರಿಗೊಳಿಸಿದ ಬಳಿಕ ಗೂಗಲ್ ಸರ್ಚ್ ಕನ್ಸೋಲಿನಲ್ಲಿ ಹಳೆಯ ಹಾಗೂ ಹೊಸ ತಾಣಗಳೆರಡರ ಒಡೆತನವನ್ನು ದೃಢಪಡಿಸಿ, ವಿಳಾಸ ಬದಲಾವಣೆಯ ಸಾಧನದ ಮೂಲಕ ತಿಳಿಸಬೇಕು. ಹೊಸ ತಾಣದ ನಕ್ಷೆಯನ್ನು ಸಲ್ಲಿಸಬೇಕು. ಈ ಸೇವೆಗೆ ಶುಲ್ಕವಿಲ್ಲ. ಸೂಚನೆಯು 180 ದಿನಗಳ ಕಾಲ ಚಾಲ್ತಿಯಲ್ಲಿರುತ್ತದೆ.

6. ಹೊರಗಿನ ಕೊಂಡಿಗಳ ತಿದ್ದುಪಡಿ. ಗೂಗಲ್ ನಕ್ಷೆಯಲ್ಲಿನ ವ್ಯಾಪಾರ ವಿವರ, ವಾಣಿಜ್ಯ ಕೈಪಿಡಿಗಳು, ವಾಣಿಜ್ಯ ಸಂಘದ ಸದಸ್ಯರ ಪಟ್ಟಿ, ಸರಬರಾಜುದಾರರ ತಾಣಗಳು ಇವುಗಳಲ್ಲಿ ಹೊಸ ವಿಳಾಸವನ್ನು ನಮೂದಿಸುವಂತೆ ಕೋರಬೇಕು. ಸ್ಥಳೀಯ ಗ್ರಾಹಕರು ಬಹುಪಾಲು ನಕ್ಷೆಯ ಮೂಲಕವೇ ಬರುವುದರಿಂದ ಅದಕ್ಕೆ ಮೊದಲ ಆದ್ಯತೆ.

7. ಹಳೆಯ ಹೆಸರಿನ ನವೀಕರಣ. ಮರುನಿರ್ದೇಶನಗಳನ್ನು ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಅದಕ್ಕಿಂತ ದೀರ್ಘಕಾಲ ಉಳಿಸಬೇಕೆಂಬುದು ಗೂಗಲ್‌ನ ಸಲಹೆ. ಪ್ರತಿ ವರ್ಷವೂ ಹಳೆಯ ಹೆಸರಿಗೆ ಶುಲ್ಕ ಕಟ್ಟುತ್ತಿರುವುದೇ ಲೇಸು. ಕಾರಣವನ್ನು ಮುಂದೆ ವಿವರಿಸಲಾಗಿದೆ.

ಇಷ್ಟು ಮಾಡಿದರೂ ಕೆಲವು ವಾರಗಳ ಕಾಲ ಸ್ಥಾನದಲ್ಲಿ ಏರಿಳಿತ ಸಹಜ. ಶೋಧಯಂತ್ರವು ಪುಟಗಳನ್ನು ಒಂದೊಂದಾಗಿ ಪುನಃ ಸಂದರ್ಶಿಸಬೇಕಾದುದೇ ಇದಕ್ಕೆ ಕಾರಣ. ಮಧ್ಯಮ ಗಾತ್ರದ ತಾಣಕ್ಕೂ ಕೆಲವು ವಾರಗಳು ಹಿಡಿಯಬಹುದು. ಈ ಅವಧಿಯಲ್ಲಿ ಗಾಬರಿಗೊಂಡು ಹಳೆಯ ಹೆಸರಿಗೆ ಮರಳುವುದು, ಮತ್ತೆ ಹೊಸದಕ್ಕೆ ಬರುವುದು ಹೆಚ್ಚಿನ ಹಾನಿಗೆ ದಾರಿ.

ಒಂದು ಲೆಕ್ಕ

ಉದಾಹರಣೆಗಾಗಿ ಮಸಾಲೆ ಪುಡಿ ತಯಾರಿಸುವ ಒಂದು ಕಾಲ್ಪನಿಕ ಘಟಕವನ್ನು ಭಾವಿಸಿಕೊಳ್ಳೋಣ. ಶೋಧಯಂತ್ರದ ಮೂಲಕ ತಿಂಗಳಿಗೆ 60 ವಿಚಾರಣೆಗಳು ಬಂದು, ಅವುಗಳಲ್ಲಿ 6 ಆದೇಶಗಳಾಗಿ, ಪ್ರತಿ ಆದೇಶದಿಂದ ಸರಾಸರಿ 5,000 ರೂಪಾಯಿ ಒಟ್ಟು ಲಾಭ ದೊರೆಯುತ್ತದೆ ಎಂದಿಟ್ಟುಕೊಂಡರೆ ಮಾಸಿಕ ಲಾಭ 30,000 ರೂಪಾಯಿ. ಮರುನಿರ್ದೇಶನವಿಲ್ಲದೆ ಹೆಸರು ಬದಲಾಯಿಸಿ, ನಾಲ್ಕು ತಿಂಗಳು ಇದರ ಅರ್ಧ ಭಾಗ ನಿಂತುಹೋದರೆ ನಷ್ಟ 60,000 ರೂಪಾಯಿ. ಹಳೆಯ ಹೆಸರನ್ನು ಉಳಿಸಿಕೊಳ್ಳಲು ವರ್ಷಕ್ಕೆ 1,500 ರೂಪಾಯಿ ತಗಲುತ್ತದೆಂದು ಭಾವಿಸಿದರೂ, ಆ ನಷ್ಟದ ಮೊತ್ತದಲ್ಲಿ 40 ವರ್ಷ ನವೀಕರಿಸಬಹುದು. ಪ್ರತಿಯೊಬ್ಬ ವರ್ತಕನೂ ತನ್ನ ಅಂಕಿಗಳನ್ನು ಈ ಚೌಕಟ್ಟಿನಲ್ಲಿಟ್ಟು ನೋಡಬೇಕು. ಅದಕ್ಕಾಗಿ ಸ್ಥಳಾಂತರಕ್ಕೆ ಮುನ್ನವೇ ಮೂರು ತಿಂಗಳ ವಿಚಾರಣೆಗಳು ಯಾವ ಮೂಲದಿಂದ ಬಂದವೆಂಬುದನ್ನು ದಾಖಲಿಸಿಡುವುದು ಅವಶ್ಯ. ಹಿಂದಿನ ಅಂಕಿಯಿಲ್ಲದೆ ನಂತರದ ಅಂಕಿಗೆ ಅರ್ಥವಿಲ್ಲ.

ಇಮೇಲ್ ಮತ್ತು ಕಾಗದಪತ್ರಗಳು

ಡೊಮೇನ್ ಬದಲಾದಾಗ ಅದರೊಡನೆ ಇಮೇಲ್ ವಿಳಾಸವೂ ಬದಲಾಗುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಸರಕು ಮತ್ತು ಸೇವಾ ತೆರಿಗೆ, ಆದಾಯ ತೆರಿಗೆ, ಕಂಪನಿ ವ್ಯವಹಾರಗಳ ಇಲಾಖೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹಾಗೂ ಬ್ಯಾಂಕುಗಳ ದಾಖಲೆಗಳಲ್ಲಿ ಹಳೆಯ ಇಮೇಲ್ ಇದ್ದಲ್ಲಿ ನೋಟೀಸುಗಳೂ ಗುಪ್ತಸಂಖ್ಯೆಗಳೂ ಅಲ್ಲಿಗೇ ಹೋಗುತ್ತವೆ. ನೋಟೀಸನ್ನು ಕಾಣದೆ ಉತ್ತರದ ಅವಧಿ ಮೀರಿದರೆ ಏಕಪಕ್ಷೀಯ ಆದೇಶವಾಗುವ ಸಂಭವವಿದೆ. ಎಲ್ಲ ಕಡೆ ತಿದ್ದುಪಡಿಯಾಗುವವರೆಗೆ, ಆಮೇಲೆಯೂ ಸಾಕಷ್ಟು ಕಾಲ, ಹಳೆಯ ಇಮೇಲ್ ಚಾಲನೆಯಲ್ಲಿರಬೇಕು.

ಕಂಪನಿಗಳಿಗೆ 2013ರ ಕಂಪನಿ ಕಾಯಿದೆಯ 12ನೆಯ ಪ್ರಕರಣ ಅನ್ವಯಿಸುತ್ತದೆ. ಅದರಂತೆ ವ್ಯವಹಾರ ಪತ್ರ, ಬಿಲ್ಲು ಮತ್ತು ಅಧಿಕೃತ ಪ್ರಕಟಣೆಗಳಲ್ಲಿ ಕಂಪನಿಯ ಹೆಸರು, ನೋಂದಾಯಿತ ಕಚೇರಿ ಮತ್ತು ಗುರುತಿನ ಸಂಖ್ಯೆಗಳೊಡನೆ ಇಮೇಲ್ ಹಾಗೂ ಜಾಲತಾಣವಿದ್ದಲ್ಲಿ ಅವುಗಳ ವಿಳಾಸವನ್ನೂ ಮುದ್ರಿಸಬೇಕು. ಕಳೆದ ಎರಡು ವರ್ಷಗಳೊಳಗೆ ಕಂಪನಿಯ ಹೆಸರೇ ಬದಲಾಗಿದ್ದಲ್ಲಿ ಹೊಸ ಹೆಸರಿನ ಜೊತೆಗೆ ಹಳೆಯ ಹೆಸರನ್ನೂ ತೋರಿಸಬೇಕೆಂದು ಅದೇ ಪ್ರಕರಣ ಹೇಳುತ್ತದೆ. ಡೊಮೇನ್ ಹೆಸರಿಗೆ ಕಾನೂನು ಇಂತಹ ಕಟ್ಟಳೆಯನ್ನು ವಿಧಿಸಿಲ್ಲವಾದರೂ ಅದರ ಹಿಂದಿನ ವಿವೇಕ ಇಲ್ಲಿಯೂ ಸಲ್ಲುತ್ತದೆ. ಪೊಟ್ಟಣ ಕಟ್ಟಿದ ಸರಕುಗಳ ಮೇಲೆ ಗ್ರಾಹಕರ ದೂರಿಗಾಗಿ ಸಂಪರ್ಕ ವಿವರವನ್ನು ಮುದ್ರಿಸಬೇಕಾದ ತಯಾರಕರು, ಹಳೆಯ ಇಮೇಲ್ ಮುದ್ರಿತವಾದ ಪೊಟ್ಟಣಗಳ ದಾಸ್ತಾನು ಮುಗಿಯುವ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಡೆತನ ಯಾರದು?

ಸ್ಥಳಾಂತರದ ಸಮಯದಲ್ಲಿ ಬಯಲಾಗುವ ಇನ್ನೊಂದು ಸಂಗತಿಯಿದೆ. ಡೊಮೇನ್ ಹೆಸರು ಸಂಸ್ಥೆಯ ಹೆಸರಿನಲ್ಲಿರದೆ, ಜಾಲತಾಣ ರೂಪಿಸಿದವರ ಹೆಸರಿನಲ್ಲಿಯೋ ಕೆಲಸ ಬಿಟ್ಟುಹೋದ ನೌಕರನ ಹೆಸರಿನಲ್ಲಿಯೋ ನೋಂದಣಿಯಾಗಿರುತ್ತದೆ. ಬೇರೆಯವರ ಹೆಸರಿನಲ್ಲಿರುವ ನಿವೇಶನದ ಮೇಲೆ ಕಾರ್ಖಾನೆ ಕಟ್ಟಿದಂತಹ ಸ್ಥಿತಿ ಇದು. ನೋಂದಣಿದಾರನ ಹೆಸರು, ನೋಂದಣಿ ಇಮೇಲ್, ಮೊಬೈಲ್ ಸಂಖ್ಯೆ, ಪ್ರವೇಶ ಪದ ಮತ್ತು ನವೀಕರಣದ ದಿನಾಂಕ ಈ ಐದನ್ನೂ ಸಂಸ್ಥೆಯ ಆಸ್ತಿ ವಹಿಯಲ್ಲಿ ಭದ್ರವಾಗಿ ದಾಖಲಿಸಿ, ವರ್ಷಾಂತ್ಯದ ದಾಸ್ತಾನು ಪರಿಶೀಲನೆಯ ಜೊತೆಯಲ್ಲಿಯೇ ಪರಿಶೀಲಿಸಬೇಕು.

ನವೀಕರಣವಾಗದೆ ಅವಧಿ ಮೀರಿದ ಹೆಸರು ಕೊನೆಗೆ ಸಾರ್ವಜನಿಕ ಮಾರಾಟಕ್ಕೆ ಸಿಗುತ್ತದೆ. ‘ಡಾಟ್ ಕಾಮ್’ ಹೆಸರುಗಳಿಗೆ ನೋಂದಣಿ ಸಂಸ್ಥೆಯ ರಿಯಾಯಿತಿ ಅವಧಿಯ ನಂತರ 30 ದಿನಗಳ ವಿಮೋಚನಾ ಅವಧಿಯಿದ್ದು, ಆಗ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಅದೂ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನಿಗೆ ಹಳೆಯ ಕೊಂಡಿಗಳ ಮೂಲಕ ಬರುವ ಗ್ರಾಹಕರಷ್ಟೇ ಅಲ್ಲ, ಆ ಹೆಸರಿನ ಇಮೇಲ್‌ಗೆ ಬರುವ ಪತ್ರಗಳೂ ದೊರೆಯುತ್ತವೆ. ಹಳೆಯ ಗ್ರಾಹಕನಿಗೆ ಅದೇ ವಿಳಾಸದಿಂದ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಒಂದು ಪತ್ರ ಹೋದರೆ ಹಣವು ವಂಚಕನ ಖಾತೆ ಸೇರಲು ಬೇರೇನೂ ಬೇಕಾಗಿಲ್ಲ. ಹಳೆಯ ಹೆಸರನ್ನು ಬಿಡಬಾರದೆಂಬ ಸಲಹೆಗೆ ಶೋಧದ ಸ್ಥಾನಕ್ಕಿಂತಲೂ ಇದು ಬಲವಾದ ಕಾರಣ.

ಉಪಸಂಹಾರ

ಒಟ್ಟಿನಲ್ಲಿ, ಡೊಮೇನ್ ಹೆಸರಿನ ಬದಲಾವಣೆಯಿಂದ ಶೋಧದ ಸ್ಥಾನ ನಷ್ಟವಾಗಲೇಬೇಕೆಂಬ ನಿಯಮವಿಲ್ಲ, ಅಜಾಗರೂಕತೆಯಿಂದ ನಷ್ಟವಾಗುತ್ತದೆ. ಕಾರಣ ಬಲವಾಗಿರಲಿ, ಪಟ್ಟಿ ಪೂರ್ಣವಾಗಿರಲಿ, ಹಂಗಾಮು ಕಳೆದಿರಲಿ, ಹಳೆಯ ಹೆಸರು ಕೈಯಲ್ಲಿಯೇ ಇರಲಿ. ಈ ನಾಲ್ಕನ್ನು ಪಾಲಿಸಿದ ವರ್ತಕನು ತಾತ್ಕಾಲಿಕ ಏರಿಳಿತವನ್ನು ದಾಟಿ ತನ್ನ ಸ್ಥಾನವನ್ನು ಮರಳಿ ಪಡೆಯುವ ಸಂಭವವೇ ಹೆಚ್ಚು. ಈ ತಿಂಗಳು ಬದಲಾವಣೆಯ ಯೋಚನೆ ಇಲ್ಲದವರೂ ತಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ದಿನಾಂಕಕ್ಕೆ ಅವಧಿ ಮುಗಿಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು ವಹಿಯಲ್ಲಿ ಬರೆದಿಡುವುದು ಒಳಿತು.